ತುಂಬಬಾರದ ಹಿತ್ತಾಳೆ

ಕ್ರೇಗಿಬರ್ನ್‌ನ ನಮ್ಮ ಮನೆಯ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕಾರು ಮಳೆ, ಬಿಸಿಲು, ಆಲಿಕಲ್ಲು ಎಲ್ಲಕ್ಕೂ ಮೈಯೊಡ್ಡಿ ಹೊರಗೇ ನಿಲ್ಲುತ್ತಿತ್ತು. ಒಳಗೆ ಅವ್ವನ ಉದ್ದನೆಯ ಮೇಜು, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಕಪಾಟು, ಎರಡು ಕೆಂಪು ಬಕೆಟ್ಟು, ಸಾಲಾಗಿ ಐಸ್‌ಕ್ರೀಮಿನ ಖಾಲಿ ಡಬ್ಬಿಗಳು. ಡಬ್ಬಿಗಳ ತುಂಬ ಹಿತ್ತಾಳೆ. ಬಂದೂಕು ಸಿಡಿದಾಗ ಗುಂಡು ಮುಂದೆ ಹೋಗುತ್ತದೆ, ತೋಟೆಯ ಹಿತ್ತಾಳೆಯ ಕೊಳವೆ ಹಿಂದೆ ಉಳಿಯುತ್ತದೆ. ಅದನ್ನು ಎಸೆಯದೆ ತೊಳೆದು, ಅಳೆದು, ಹೊಸದಾಗಿ ಮದ್ದು ಗುಂಡು ತುಂಬಿದರೆ ಇನ್ನೊಮ್ಮೆ ಹೊಡೆಯಬಹುದು. ನನ್ನ ಅವ್ವ ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಿದ್ದಳು. ತನ್ನ ತೋಟೆಗಳನ್ನು ತಾನೇ ತುಂಬಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡು ಐದು ತಿಂಗಳಾಯಿತು. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಒಂದು ವಾರ ರಜೆ ಕೇಳಿ, ಸಿಡ್ನಿಯಿಂದ ಮೆಲ್ಬರ್ನ್‌ನ ಈ ಮನೆಗೆ ಬಂದು, ಅಪ್ಪನ ಜೊತೆ ಈ ಗ್ಯಾರೇಜು ಖಾಲಿ ಮಾಡಲು ಕೂತಿದ್ದೇನೆ. ಎರಡು ದಿನವಾಯಿತು, ಒಂದು ಡಬ್ಬಿಯೂ ಹೊರಗೆ ಹೋಗಿಲ್ಲ. ಎತ್ತುತ್ತೇವೆ, ನೋಡುತ್ತೇವೆ, ಇದ್ದಲ್ಲೇ ಇಡುತ್ತೇವೆ.

ನಾವು ಬೆಳಗಾವಿ ಬಿಟ್ಟು ಇಲ್ಲಿಗೆ ಬಂದಾಗ ನನಗೆ ಒಂಬತ್ತು ವರ್ಷ. ಅವ್ವ ನರ್ಸು; ಅವಳ ವೀಸಾದ ಮೇಲೆಯೇ ಅಪ್ಪ ಮತ್ತು ನಾನು ಬಂದದ್ದು. ಅವಳಿಗೆ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ, ಅಪ್ಪನಿಗೆ ಬ್ರೆಡ್ ಕಾರ್ಖಾನೆಯಲ್ಲಿ. ಆ ಆರೈಕೆಯ ಮನೆಯಲ್ಲಿ ಲೆನ್ ಎಂಬುವವರ ಹೆಂಡತಿ ಇದ್ದರು, ನೆನಪು ಅಳಿಸಿಹೋಗಿತ್ತು. ಲೆನ್ ದಿನವೂ ಬಂದು ಅವರ ಪಕ್ಕ ಕೂತು ಹೋಗುತ್ತಿದ್ದರು. ಒಂದು ದಿನ ಅವ್ವ ಆ ಹೆಂಗಸಿನ ತಲೆ ಬಾಚುತ್ತ, ತಾನು ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ರೈಫಲ್ ಹೊಡೆಯುತ್ತಿದ್ದೆ, ಮದುವೆಯಾದ ಮೇಲೆ ಬಿಟ್ಟೆ ಎಂದು ಮಾತಿಗೆ ಹೇಳಿದಳಂತೆ. ಮುಂದಿನ ಶನಿವಾರ ಲೆನ್ ಅವಳನ್ನು ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿಂದ ಬಂದವಳ ಮುಖ ನನಗೆ ಇನ್ನೂ ನೆನಪಿದೆ. ಈ ದೇಶಕ್ಕೆ ಬಂದ ಮೇಲೆ ಅವಳು ಮೊದಲ ಸಲ ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳಿ, ಮೂರು ರೊಟ್ಟಿ ತಿಂದಳು.

ಅಂದಿನಿಂದ ನಮ್ಮ ಶನಿವಾರಗಳಿಗೆ ಒಂದು ಕ್ರಮ ಬಂತು. ಸಂಜೆ ಅವ್ವ ಬಟ್ಟೆಯ ಚೀಲದಲ್ಲಿ ಹಿತ್ತಾಳೆ ತರುತ್ತಿದ್ದಳು. ಕೊಳವೆಗಳ ಬಾಯಿಯ ಹತ್ತಿರ ಮಸಿ, ಹೊರಗೆ ಕಂದು ಕಲೆ, ತಳದ ತೂತಿನಲ್ಲಿ ಮದ್ದಿಗೆ ಕಿಡಿ ಹತ್ತಿಸಿ ಸುಟ್ಟುಹೋದ ಕೇಪು. ಮೊದಲು ಕೇಪುಗಳನ್ನು ಚುಚ್ಚಿ ಉದುರಿಸಬೇಕು. ಅದರ ಧೂಳು ವಿಷ ಎಂದು ಅವ್ವ ನನಗೆ ಕೈಗವಸು ಹಾಕಿಸುತ್ತಿದ್ದಳು, ಆಮೇಲೆ ಮೊಳಕೈವರೆಗೆ ಸೋಪು ಹಚ್ಚಿ ಆಸ್ಪತ್ರೆಯ ರೀತಿಯಲ್ಲಿ ತೊಳೆಸುತ್ತಿದ್ದಳು. ಕೆಂಪು ಬಕೆಟ್ಟುಗಳ ಮೇಲೆ ‘ಅಡುಗೆಗೆ ಅಲ್ಲ’ ಎಂದು ಬರೆದಿತ್ತು. ಬಿಸಿನೀರಿಗೆ ಹುಣಸೆಹಣ್ಣು ಕಿವುಚಿ, ಸೋಸಿ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ, ಅದರಲ್ಲಿ ಕೊಳವೆಗಳನ್ನು ಬಿಡುತ್ತಿದ್ದಳು. ತೊಳೆಯಲು ಲೆನ್ ಕೊಟ್ಟಿದ್ದ ಪುಡಿಯ ಬದಲು ಹುಣಸೆಹಣ್ಣು ಅವಳ ಸ್ವಂತ ಯೋಚನೆ. ಅವಳ ಅವ್ವ ದೇವರ ಸಾಮಾನು ತಿಕ್ಕುತ್ತಿದ್ದದ್ದು ಅದರಲ್ಲೇ. ದೇವರ ಸಾಮಾನಿಗೆ ಉಪ್ಪು ಹಾಕಬಹುದು, ಇದಕ್ಕೆ ಕೂಡದು. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ತಿರುಗಿದರೆ ಕೆಟ್ಟಿತು. ನಾನು ಗಡಿಯಾರ ನೋಡುತ್ತ ಬಕೆಟ್ಟಿನ ಪಕ್ಕ ಕೂರುತ್ತಿದ್ದೆ. ನೀರು ಸಾರಿನ ಬಣ್ಣಕ್ಕೆ ಬರುತ್ತಿತ್ತು, ಒಳಗಿಂದ ಒಂದೊಂದೇ ಕೊಳವೆ ಹಳದಿಯಾಗಿ ಕಾಣತೊಡಗುತ್ತಿತ್ತು.

ತೊಳೆದು ಒಣಗಿದ ಮೇಲೆ ಪರೀಕ್ಷೆ. ಅದು ನನ್ನ ಕೆಲಸ. ಅವ್ವ ತನ್ನ ಒಂದು ಹೇರ್‌ಪಿನ್ ನೆಟ್ಟಗೆ ಮಾಡಿ ತುದಿಯನ್ನು ಮಾತ್ರ ಕೊಕ್ಕೆಯ ಹಾಗೆ ಬಗ್ಗಿಸಿ ಕೊಟ್ಟಿದ್ದಳು. ಅದನ್ನು ಕೊಳವೆಯೊಳಗೆ ಇಳಿಸಿ, ತಳದಿಂದ ಮೇಲಕ್ಕೆ ಎಳೆಯಬೇಕು. ಹಲವು ಸಲ ಹೊಡೆದ ಹಿತ್ತಾಳೆ ಒಳಗೆ ತಳದ ಹತ್ತಿರ ತೆಳ್ಳಗಾಗಿ, ಸುತ್ತ ಒಂದು ಗೆರೆ ಬಿದ್ದಿರುತ್ತದೆ. ಹೊರಗೆ ಕಾಣುವುದಿಲ್ಲ, ಕೊಕ್ಕೆಗೆ ಮಾತ್ರ ಸಿಗುತ್ತದೆ.

“ಸಿಕ್ತೇನ?”

“ನೋ, ಅವ್ವ. ಸ್ಮೂತ್ ಇದೆ.”

“ಕನ್ನಡದಾಗ ಹೇಳ, ಗಂಗಿ. ನುಣ್ಣಗ ಐತಿ ಅನ್ನು. ಗಡಿಬಿಡಿ ಮಾಡಬ್ಯಾಡ. ಇದು ಸೀಳಿತು ಅಂದ್ರ ಅದರ ಹಿಂದ ಇರೂದು ನನ್ನ ಕಣ್ಣು.”

ಆ ಮಾತು ಕೇಳಿದ ಮೇಲೆ ನಾನು ಪ್ರತಿಯೊಂದನ್ನೂ ಎರಡು ಸಲ ನೋಡುತ್ತಿದ್ದೆ. ಬೆಳಗಾವಿಯಲ್ಲಿ ಮೂರನೆಯ ಇಯತ್ತೆಗೆ ನಿಂತುಹೋದ ನನ್ನ ಕನ್ನಡ ಓದು ಮುಂದುವರಿದದ್ದು ಆ ಡಬ್ಬಿಗಳ ಮೇಲಿನ ಚೀಟಿಗಳಿಂದಲೇ. ‘ತೊಳೆದದ್ದು.’ ‘ತೊಳೆಯಬೇಕು.’ ‘ನಾಲ್ಕು ಸಲ ಹೊಡೆದದ್ದು.’ ‘ಗೆರೆ ಇದೆ, ಎಸೆ.’ ಅವ್ವ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ, ಒತ್ತಕ್ಷರ ತಪ್ಪಿದರೆ ಹೊಸ ಚೀಟಿ. ಇವತ್ತಿಗೂ ನನಗೆ ಉದ್ದನೆಯ ವಾಕ್ಯ ಬರೆಯಲು ಬರುವುದಿಲ್ಲ.

ಅಪ್ಪನಿಗೆ ಇದು ಯಾವುದೂ ಸರಿಬರುತ್ತಿರಲಿಲ್ಲ. ಅವ್ವನ ಪಾಳಿಗಳ ಕಾರಣ ಮನೆಯಲ್ಲಿ ಅಡುಗೆ ಅಪ್ಪನದೇ, ದೇವರ ಪೂಜೆಯೂ ಅಪ್ಪನದೇ. ಲೆನ್ ತನ್ನ ಹಳೆಯ ಯಂತ್ರವೊಂದನ್ನು ಅವ್ವನಿಗೆ ಕೊಟ್ಟಿದ್ದರು. ಅದರ ಬೋಗುಣಿಯಲ್ಲಿ ಅಕ್ರೋಟಿನ ಸಿಪ್ಪೆಯ ತರಿ ತುಂಬಿ, ತೊಳೆದ ಕೊಳವೆಗಳನ್ನು ಹಾಕಿದರೆ, ಅದು ನಡುಗಿ ನಡುಗಿ ಹೊಳಪು ಕೊಡುತ್ತಿತ್ತು. ಮೂರು ತಾಸು ಮನೆಯೆಲ್ಲ ಗರಗರ ಎನ್ನುತ್ತಿತ್ತು. ಅಪ್ಪ ಅಡುಗೆಮನೆಯಿಂದ ಕೂಗುತ್ತಿದ್ದ.

“ತಾಸುಗಟ್ಟಲೆ ಮಿಕ್ಸರ್ ತಿರಗ್ತೈತಿ, ಒಂದು ಚಮಚಾ ಚಟ್ನಿ ಬರಂಗಿಲ್ಲ ಈ ಮನ್ಯಾಗ!”

“ಶೇಂಗಾ ತಂದು ಹಾಕ್ರಿ, ಅದರಾಗೇ ರುಬ್ಬಿ ಕೊಡ್ತೀನಿ.”

“ಹುಣಸಿಹಣ್ಣು ಎಲ್ಲಿ? ಮೊನ್ನಿ ತಂದೀನಿ ಒಂದು ಪಾಕೀಟು. ಸಾರಿಗೆ ಇಲ್ಲ, ಬಂದೂಕಿಗೆ ಐತಿ!”

ಅದು ಜಗಳದಂತೆ ಕೇಳಿಸಿದರೂ ಜಗಳವಲ್ಲ. ನಿಜವಾದ ಜಗಳ ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಬಂತು. ಕನ್ನಡದವರೆಲ್ಲ ಸೇರಿದ್ದ ಒಂದು ಊಟದಲ್ಲಿ, ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಬೆಂಗಳೂರಿನ ಕಡೆಯ ಒಬ್ಬ ಆಂಟಿ ನಗುತ್ತ ಅಪ್ಪನಿಗೆ ಹೇಳಿದರು: “ಏನ್ರೀ, ನಿಮ್ಮ ಮಿಸೆಸ್ ವೀಕೆಂಡ್ ಗನ್ ಶೂಟಿಂಗ್ ಹೋಗ್ತಾರಂತೆ? ಹುಷಾರಪ್ಪ ನೀವು, ಸಾಂಬಾರಿಗೆ ಉಪ್ಪು ಜಾಸ್ತಿ ಹಾಕ್ಬಿಟ್ಟೀರಾ!” ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದು ಚಪ್ಪಲಿ ಬಿಡುತ್ತ ಶುರು ಮಾಡಿದ.

“ಈ ಮನ್ಯಾಗ ಒಂದ ಕಪಾಟಿನ ಕೀಲಿ ನನ್ನ ಕಡೆ ಇಲ್ಲ. ಸರೋ, ನಾ ಇಲ್ಲೆ ಏನ್ ಅದೀನಿ ಹೇಳ? ನಿನ್ನ ವೀಸಾದಾಗ ಬಂದೆ, ರೊಟ್ಟಿ ಬಡಿತೀನಿ, ಮಂದಿ ನಕ್ಕರ ನಾನೂ ನಗತೀನಿ.”

“ಕೀಲಿ ಲೈಸೆನ್ಸ್ ಇದ್ದವರ ಕಡೆನೇ ಇರಬೇಕ್ರಿ. ಅದು ಕಾಯ್ದೆ.”

“ನಾ ಕಾಯ್ದೆ ಕೇಳಿಲ್ಲ ನಿನ್ನ.”

ಅವ್ವ ದಣಿದ ದನಿಯಲ್ಲಿ ಹೇಳಿದಳು: “ಆರು ದಿನ ಮುದುಕರನ್ನ ಎತ್ತಿ, ಇಳಿಸಿ, ಒರಸಿ ಬರ್ತೀನಿ. ಶನಿವಾರ ಮಧ್ಯಾಹ್ನ ಹೊಟ್ಟಿ ಮ್ಯಾಲೆ ಮಲಗಿ, ಉಸಿರು ಹಿಡಿದು, ಒಂದು ಕರಿ ಚುಕ್ಕಿ ನೋಡ್ತೀನಿ. ಆವಾಗ ಯಾರೂ ನನ್ನ ಕರಿಯಂಗಿಲ್ಲ. ಅಷ್ಟ.”

ಅದಾದ ಮೇಲೆ ಎರಡು ವಾರ ಅವರು ಮಾತಾಡಲಿಲ್ಲ. ಮೂರು ಜನರ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವರು ಅಂಚೆಯಣ್ಣನಾಗುತ್ತಾರೆ. ‘ಸಾರು ಒಲಿ ಮ್ಯಾಲೆ ಐತಿ ಅನ್ನು.’ ‘ನಾಳೆ ಬೆಳಗಿನ ಪಾಳಿ ಅನ್ನು.’ ನಾನು ಹೇಳಿ ಹೇಳಿ ಸೋತೆ. ಶಾಲೆಯಿಂದ ಬಂದು ಬಾಗಿಲು ತೆಗೆಯುವ ಮೊದಲು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ಕುಡುಗೋಲು, ಸುತ್ತಿಗೆ, ಹೊಲಿಗೆಯಂತ್ರ, ಯಾವುದರಿಂದ ಅನ್ನ ಹುಟ್ಟುತ್ತದೋ ಅದನ್ನೆಲ್ಲ ತೊಳೆದು ಕುಂಕುಮ ಹಚ್ಚುವುದು. ಅಪ್ಪ ಪ್ರತಿ ವರ್ಷ ಕಾರಿನ ಕೀಲಿ, ಅಡುಗೆಯ ಚಾಕು, ಅವ್ವನ ಬಿಪಿ ನೋಡುವ ಯಂತ್ರ ಇಡುತ್ತಿದ್ದ. ಆ ವರ್ಷ ಹಿಂದಿನ ದಿನ, ಅವ್ವ ಕೆಲಸಕ್ಕೆ ಹೋದ ಮೇಲೆ, ಅಪ್ಪ ದೇವರ ಮುಂದಿನ ದೀಪದ ಸಮೆ, ಆರತಿತಟ್ಟೆ ತಿಕ್ಕಲು ಕೂತವನು ಎದ್ದು ಗ್ಯಾರೇಜಿಗೆ ಹೋದ. ‘ಸಿಡ್ನಿ’ ಎಂದು ಚೀಟಿ ಅಂಟಿಸಿದ ಡಬ್ಬಿ ಎತ್ತಿಕೊಂಡು ಬಂದ. ಮೂರು ವಾರದ ನಂತರ ಸಿಡ್ನಿಯಲ್ಲಿ ದೊಡ್ಡ ಪಂದ್ಯವಿತ್ತು. ಅದಕ್ಕಾಗಿ ಅವ್ವ ವರ್ಷವಿಡೀ ಆರಿಸಿ, ತೂಗಿ, ಒಂದರಂತೆ ಒಂದಿರುವ ನೂರಿಪ್ಪತ್ತು ಕೊಳವೆಗಳನ್ನು ಅದರಲ್ಲಿ ಕೂಡಿಟ್ಟಿದ್ದಳು.

“ಬಾ ಇಲ್ಲಿ ಗಂಗವ್ವಾ. ನಿಮ್ಮವ್ವನ ಸಾಮಾನು ತಿಕ್ಕೂಣು. ನಾಳೆ ಸಮೆ ಮುಂದ ಇಡೂಣು. ಸಿಟ್ಟು ಇಳಿತೈತೋ ಇಲ್ಲೋ ನೋಡೂಣು.”

ಅವನ ಕೈಯಲ್ಲಿ ಸಮೆ ತಿಕ್ಕುವ ಪಾಲಿಶ್ ಶೀಶೆ ಇತ್ತು, ಇಂಡಿಯನ್ ಅಂಗಡಿಯಿಂದ ತಂದದ್ದು, ಮೂಗು ಸುಡುವ ವಾಸನೆಯದು. ಆ ವಾಸನೆ ನನಗೆ ಗೊತ್ತಿತ್ತು. ಅವ್ವ ನನಗೆ ಮೊದಲ ದಿನವೇ ಹೇಳಿದ್ದಳು: ಹಿತ್ತಾಳೆಗೆ ಹುಣಸೆಹಣ್ಣು, ಸೋಪು, ಅಷ್ಟೇ, ದೇವರ ಪಾಲಿಶ್ ಮುಟ್ಟಿಸಬಾರದು, ಅದರಲ್ಲಿ ಅಮೋನಿಯಾ ಇದೆ, ಅದು ಹಿತ್ತಾಳೆಯೊಳಗೆ ಹೊಕ್ಕು ಕಣ್ಣಿಗೆ ಕಾಣದ ಬಿರುಕು ಎಬ್ಬಿಸುತ್ತದೆ. ಸಮೆಗೆ ಅದರಿಂದ ಏನೂ ಆಗದು, ಸಮೆಯೊಳಗೆ ಮದ್ದು ಸಿಡಿಯುವುದಿಲ್ಲವಲ್ಲ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಯಿ ತೆರೆದೆ. ಅಪ್ಪನ ಮುಖದಲ್ಲಿ ಎರಡು ವಾರದ ಮೇಲೆ ಮೊದಲ ಸಲ ಒಂದು ಉಮೇದಿ ಇತ್ತು. ಬಾಯಿ ಮುಚ್ಚಿದೆ. ಒಂದು ಬಟ್ಟೆಯ ಚೂರು ತಗೊಂಡು ಪಕ್ಕದಲ್ಲಿ ಕೂತೆ. ನಾವು ನೂರಿಪ್ಪತ್ತನ್ನೂ ತಿಕ್ಕಿದೆವು, ಹೊರಗೂ, ಬಾಯಿಯ ಒಳಗೂ. ಅವು ಬಂಗಾರದ ಹಾಗೆ ಹೊಳೆದವು. ಅಪ್ಪ ಒಂದೊಂದರ ತಳಕ್ಕೂ ಉಂಗುರ ಬೆರಳಿನಿಂದ ಕುಂಕುಮ ಹಚ್ಚಿದ.

ಮರುದಿನ ಅವ್ವ ಪಾಳಿ ಮುಗಿಸಿ ಬಂದು ದೇವರ ಮುಂದೆ ನಿಂತಳು. ದೊಡ್ಡ ತಟ್ಟೆಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಅವಳ ಹಿತ್ತಾಳೆ. ಮನೆಯೆಲ್ಲ ಊದುಬತ್ತಿ, ಹೋಳಿಗೆಯ ತುಪ್ಪ, ಅದರಡಿಯಲ್ಲಿ ಆ ಪಾಲಿಶ್ ವಾಸನೆ. ಅವಳು ಒಂದು ಕೊಳವೆ ಎತ್ತಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ನನ್ನನ್ನೂ ನೋಡಿದಳು. ನಾನು ನೆಲ ನೋಡಿದೆ.

“ನಾನ ತಿಕ್ಕಿದೆ,” ಅಪ್ಪ ಹೇಳಿದ. “ಎಲ್ಲಾ. ಹೆಂಗ ಆಗ್ಯಾವು?”

“ಭಾಳ ಚೆಂದ ಆಗ್ಯಾವ್ರಿ,” ಎಂದಳು ಅವ್ವ.

ಆ ದಿನ ಅವರು ಒಟ್ಟಿಗೆ ಕೂತು ಉಂಡರು. ಊಟವಾದ ಮೇಲೆ ಅವ್ವ ನನ್ನನ್ನು ಗ್ಯಾರೇಜಿಗೆ ಕರೆದಳು. ಬಾಗಿಲು ಹಾಕಿದಳು. ನಾನು ಹೊಡೆತಕ್ಕೆ ತಯಾರಾಗಿ ನಿಂತೆ.

“ನಾ ನಿನಗ ಹೇಳಿದ್ನಲ್ಲ, ಗಂಗಿ?”

“ಹೇಳಿದ್ದಿ.”

“ಮತ್ತ?”

“ನೀವಿಬ್ಬರೂ ಮಾತಾಡ್ತೀರಿ ಅಂತ…”

ಅವಳು ‘ಸಿಡ್ನಿ’ ಡಬ್ಬಿಯನ್ನು ಮೇಜಿನ ಮೇಲೆ ಎಳೆದುಕೊಂಡಳು. ಆಮೇಲೆ ಒಂದು ಚೀಟಿ, ಪೆನ್ನು ಕೊಟ್ಟಳು. “ಬರಿ. ‘ತುಂಬಬಾರದು.’ ಎರಡನೇ ಬಕಾರಕ್ಕ ದೀರ್ಘ.” ನಾನು ಬರೆದೆ. ಅವಳು ‘ಸಿಡ್ನಿ’ ಚೀಟಿಯ ಮೇಲೆಯೇ ಅದನ್ನು ಅಂಟಿಸಿದಳು. “ನಿಮ್ಮಪ್ಪಗ ಹೇಳಬ್ಯಾಡ,” ಎಂದಳು. ಹೊಡೆಯಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

ಸಿಡ್ನಿಗೆ ಮೂವರೂ ಕಾರಿನಲ್ಲಿ ಹೋದೆವು. ಅಪ್ಪ ಚಪಾತಿಯ ಸುರುಳಿ ಕಟ್ಟಿಕೊಂಡು ಬಂದಿದ್ದ, ಮೊದಲ ಸಲ ಪಂದ್ಯ ನೋಡಲು. ಅವ್ವ ಹೊಡೆದದ್ದು ಲೆನ್ ಕೊಟ್ಟ, ಅಂಗಡಿಯಿಂದ ತಂದ ತೋಟೆಗಳನ್ನು. ಅವು ಅವಳ ಬಂದೂಕಿಗೆ ಹೊಂದಿಕೊಂಡವಲ್ಲ. ಅಪ್ಪ ಹಗ್ಗದ ಹಿಂದೆ ನಿಂತು, ಪಕ್ಕದಲ್ಲಿದ್ದ ಗುರುತಿಲ್ಲದವರಿಗೆಲ್ಲ, “ಮೈ ವೈಫ್. ಬ್ರಾಸ್ ಐ ಪಾಲಿಶ್ಡ್” ಎಂದು ಹೇಳುತ್ತಿದ್ದ. ನಾನು ಅವನ ಪಕ್ಕದಲ್ಲೇ ಇದ್ದೆ. ಸಂಜೆ ಹಲಗೆಯ ಮೇಲೆ ಹಾಕಿದ ಪಟ್ಟಿಯಲ್ಲಿ ಅವ್ವನ ಹೆಸರು ಹುಡುಕಲು ಬಹಳ ಕೆಳಗೆ ಇಳಿಯಬೇಕಾಯಿತು. ಹಿಂದಿರುಗುವಾಗ ದಾರಿಯಲ್ಲಿ ಅಪ್ಪ ಹೇಳಿದ, “ನಾ ತಿಕ್ಕಿದ್ದು ಸಾಲಲಿಲ್ಲ ಕಾಣ್ತೈತಿ.” ಅವ್ವ ಕಿಟಕಿಯ ಕಡೆ ನೋಡುತ್ತ, “ಗಾಳಿ ಇತ್ರಿ,” ಎಂದಳು. ಗಾಳಿ ಇರಲಿಲ್ಲ. ಮತ್ತೆ ಅಂಥ ಪಂದ್ಯಕ್ಕೆ ಅವಳು ಹೋಗಲಿಲ್ಲ. ಶನಿವಾರದ ಕ್ಲಬ್ಬು ಮಾತ್ರ ಬಿಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷ ಖಂಡೇಪೂಜೆಯ ಹಿಂದಿನ ದಿನ ಅಪ್ಪ ಪಾಲಿಶ್ ಶೀಶೆ ತೆಗೆಯುತ್ತಿದ್ದ, ಅವ್ವ ತಾನೇ ಒಂದು ಡಬ್ಬಿ ತಂದು ಅವನ ಮುಂದೆ ಇಡುತ್ತಿದ್ದಳು. ಚೀಟಿ ಕಿತ್ತ ಡಬ್ಬಿ. ಅದೇ ನೂರಿಪ್ಪತ್ತು. ಅವನು ತಿಕ್ಕುತ್ತಿದ್ದ, ಕುಂಕುಮ ಹಚ್ಚುತ್ತಿದ್ದ, ಅವಳು ‘ಚೆಂದ ಆಗ್ಯಾವ್ರಿ’ ಎನ್ನುತ್ತಿದ್ದಳು. ಪೂಜೆಯಾದ ಮೇಲೆ ನಾನು ಹೊಸ ಚೀಟಿ ಬರೆದು ಅಂಟಿಸುತ್ತಿದ್ದೆ. ಹಾಗೆ ನಾನು ಬೆಳೆದೆ. ಈಗ ಚಾಟ್ಸ್‌ವುಡ್‌ನಲ್ಲಿ ಫೋನಿನ ಮೇಲೆ ಗ್ರಾಹಕರ ದೂರು ಕೇಳುವ ಕೆಲಸ ಮಾಡುತ್ತೇನೆ. ಯಾರು ಎಷ್ಟು ಬೈದರೂ ಸುಮ್ಮನೆ ಕೇಳುತ್ತೇನೆ ಎಂದು ಮೇಲಿನವರು ಮೆಚ್ಚುತ್ತಾರೆ. ಸುಮ್ಮನಿರುವುದನ್ನು ನಾನು ಎಲ್ಲಿ ಕಲಿತೆ ಎಂದು ಅವರಿಗೆ ಗೊತ್ತಿಲ್ಲ.

ಅವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದದ್ದು ತಡವಾಗಿ. ಎಷ್ಟು ದಿನದಿಂದ ನೋವಿತ್ತು ಎಂದು ಡಾಕ್ಟರು ಕೇಳಿದಾಗ ಅವಳು ಅಪ್ಪನ ಮುಖ ನೋಡಿ, “ಇತ್ತೀಚಿಗೆ” ಎಂದಳು. ನಾಲ್ಕು ತಿಂಗಳು ಇದ್ದಳು. ಕಡೆಯ ವಾರಗಳಲ್ಲಿ ನಾನು ಪಕ್ಕದಲ್ಲಿ ಕೂತು ಕೈ ಹಿಡಿದರೆ ಅವಳ ಹೆಬ್ಬೆರಳು ನನ್ನ ಉಗುರುಗಳ ಅಂಚನ್ನು ಒಂದೊಂದಾಗಿ ತಡವುತ್ತಿತ್ತು, ಏನೋ ಹುಡುಕುವಂತೆ. ಅವಳು ಹೋದ ಮೇಲೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಇದ್ದ ಅಂಗಡಿಯವನು ಬಂದು ಬಂದೂಕು, ಮದ್ದು ಎಲ್ಲ ಒಯ್ದ. ಕಪಾಟಿನ ಕೀಲಿ ಕೊನೆಗೂ ಅಪ್ಪನ ಕೈಗೆ ಬಂತು. ಒಳಗೆ ಏನೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಲೆನ್ ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಹಿತ್ತಾಳೆಯನ್ನೆಲ್ಲ ಕ್ಲಬ್ಬಿನ ಹೊಸಬರಿಗೆ ಕೊಡುವುದೆಂದು ಮಾತಾಗಿತ್ತು. ನಾನು ಡಬ್ಬಿಗಳನ್ನು ಒಂದೊಂದಾಗಿ ಅವರ ಕಾರಿನ ಹತ್ತಿರ ಒಯ್ದೆ, ಚೀಟಿ ಓದಿ ಹೇಳಿದೆ. ಕೆಳಗಿನ ಹಲಗೆಯ ಮೂಲೆಯಲ್ಲಿ, ‘ತುಂಬಬಾರದು’ ಚೀಟಿ ಗೋಡೆಯ ಕಡೆ ತಿರುಗಿಸಿ, ಆ ಡಬ್ಬಿ ಇತ್ತು. ಅಪ್ಪ ನೋಡುತ್ತ ನಿಂತಿದ್ದ. ಅದನ್ನು ಮುಚ್ಚಳ ಮುಚ್ಚಿ ಪಕ್ಕಕ್ಕೆ ಸರಿಸಿದರೆ ಏಕೆ ಎಂದು ಕೇಳುತ್ತಾನೆ. ಕೊಟ್ಟರೆ ಯಾವುದೋ ಹುಡುಗನ ಕಣ್ಣಿನ ಮುಂದೆ ಸಿಡಿಯುತ್ತದೆ. ಹತ್ತಾರು ವರ್ಷ ಅವ್ವ ಕಾಪಾಡಿದ ಮಾತನ್ನು ಅವಳು ಹೋದ ಐದೇ ತಿಂಗಳಿಗೆ ನಾನು ಒಡೆಯಬೇಕಾಗಿತ್ತು. ಡಬ್ಬಿ ಎತ್ತಿಕೊಂಡು ಎದ್ದೆ.

ಅಪ್ಪ ಎರಡು ಹೆಜ್ಜೆ ಮುಂದೆ ಬಂದು ಡಬ್ಬಿಯನ್ನು ನನ್ನ ಕೈಯಿಂದ ಇಸಿದುಕೊಂಡ. ಲೆನ್ ಕಡೆ ತಿರುಗಿ ತಲೆಯಾಡಿಸಿದ.

“ನಾಟ್ ದಿಸ್ ಒನ್, ಮೇಟ್. ನೋ ಗುಡ್. ಅಮೋನಿಯಾ.”

ಲೆನ್ ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿ, ಟೋಪಿ ಸರಿಪಡಿಸಿಕೊಂಡು ಕಾರು ಹತ್ತಿದರು. ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಾವಿಬ್ಬರೂ ಅಲ್ಲೇ ನಿಂತೆವು. ಆಮೇಲೆ ಅಪ್ಪ ಅವ್ವನ ಸ್ಟೂಲಿನ ಮೇಲೆ ಕೂತ.

“ಯಾವಾಗ ಗೊತ್ತಾತು?” ಎಂದೆ.

“ಎರಡನೇ ವರ್ಷನ. ತಿಕ್ಕಾಕ ಕೂತೆ, ತಳದ ತೂತಿನ್ಯಾಗ ಹೋದ ವರ್ಷದ ಕುಂಕುಮ ಹಂಗ ಇತ್ತು. ಹೊಡದಿದ್ರ ಇರತಿತ್ತೇನ?” ಅವನು ಒಂದು ಕೊಳವೆ ತೆಗೆದು ಬೆಳಕಿಗೆ ಹಿಡಿದ. “ಲೆನ್‌ಗ ಕೇಳಿದೆ. ಹೇಳಿದ.”

“ಮತ್ತ ಅವ್ವಗ ಹೇಳಲಿಲ್ಲ?”

“ಆಕಿ ಮುಚ್ಚಿಟ್ಟಿದ್ಲು. ನಾ ಹೆಂಗ ತೆಗೀಲಿ? ಪ್ರತಿ ವರ್ಷ ತಂದು ಮುಂದ ಇಡತಿದ್ಲು. ತಿಕ್ಕತಿದ್ದೆ.”

ನಾನು ಅವನ ಎದುರು ನೆಲದ ಮೇಲೆ ಕೂತೆ.

“ಅಪ್ಪಾ, ನನಗ ಮೊದಲ ಗೊತ್ತಿತ್ತು. ಆ ದಿನ, ನೀ ಶೀಶೆ ತೆಗೆಯೂ ಮುಂಚೆನ. ಅವ್ವ ನನಗ ಹೇಳಿದ್ಲು. ನಾ ಬಾಯಿ ಬಿಡಲಿಲ್ಲ.”

ಅವನು ನನ್ನನ್ನು ನೋಡಲಿಲ್ಲ. ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಸುತ್ತ ತಡವುತ್ತಿದ್ದ. ಬೀದಿಯಲ್ಲಿ ಯಾರದೋ ಕಸದ ಡಬ್ಬಿ ಉರುಳುವ ಸದ್ದಾಯಿತು. ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ.

“ಖಂಡೇಪೂಜಿ ಯಾವತ್ತು ಬರ್ತೈತಿ ಈ ವರ್ಷ?”

“ಹತ್ತು ದಿನ ಐತಿ.”

“ಅಲ್ಲೀತನಕಾ ನೀ ಇರಂಗಿಲ್ಲ.”

“ಇಲ್ಲ. ಆದಿತ್ಯವಾರ ಹೋಗಬೇಕು.”

“ಹಂಗಾರ ಇವತ್ತ ಮಾಡೂಣು,” ಎಂದ ಅಪ್ಪ. ಡಬ್ಬಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅಂಚು ಸುರುಳಿಯಾಗಿದ್ದ ಚೀಟಿಯನ್ನು ಅಂಗೈಯಿಂದ ಒತ್ತಿ ಕೂರಿಸಿದ. “ಪಾಲಿಶ್ ಬ್ಯಾಡ. ಕೆಂಪು ಬಕೆಟ್ಟು ತೊಳಿ. ಅಡಗಿಮನ್ಯಾಗ ಮ್ಯಾಲಿನ ಕಟ್ಟಿ ಮ್ಯಾಲೆ ಹುಣಸಿಹಣ್ಣು ಐತಿ, ನೆನಿ ಹಾಕು. ಎಷ್ಟು ಹೊತ್ತು ಬಿಡಬೇಕು ಅನ್ನೂದು ನನಗ ಗೊತ್ತಿಲ್ಲ. ನೀ ಹೇಳಬೇಕು.”